ಕರುಳಿಗೆ ರಕ್ತ ಸಾಲದಾದಾಗ: ಗುರುತಿಸುವ ಬಗೆ, ಆಸ್ಪತ್ರೆಯ ದಾರಿ, ಚಿಕಿತ್ಸೆ

ಹೊಟ್ಟೆನೋವು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’ ಎಂಬುದು. ಓಮದ ಕಷಾಯ, ಸೋಡಾ, ಆಂಟಾಸಿಡ್, ಅದಕ್ಕೂ ಬಗ್ಗದಿದ್ದರೆ ಔಷಧದಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ಹೀಗೆ ಅರ್ಧ ದಿನ ಕಳೆದುಹೋಗುತ್ತದೆ. ಹೆಚ್ಚಿನವರಿಗೆ ಇದರಿಂದ ಕೇಡೇನೂ ಆಗುವುದಿಲ್ಲ. ಕರುಳಿಗೆ ರಕ್ತ ಒಯ್ಯುವ ನಾಳ ಇದ್ದಕ್ಕಿದ್ದಂತೆ ಕಟ್ಟಿಕೊಂಡವರಿಗೆ ಮಾತ್ರ ಆ ಅರ್ಧ ದಿನ ಬಹಳ ದುಬಾರಿಯಾಗುತ್ತದೆ. ರಕ್ತ ಪೂರ್ತಿ ನಿಂತರೆ ಕರುಳಿನ ಒಳಪೊರೆಗೆ ಕೆಲವೇ ಗಂಟೆಗಳಲ್ಲಿ ಪೆಟ್ಟು ಬೀಳುತ್ತದೆ. ಸುಮಾರು 6 ಗಂಟೆ ದಾಟಿದ ಮೇಲೆ ಕರುಳಿನ ಗೋಡೆಯೇ ಪೂರ್ಣವಾಗಿ ಸತ್ತುಹೋಗುವ ಸಂಭವ ಏರುತ್ತಾ ಹೋಗುತ್ತದೆ. ವೈದ್ಯರು ಮೆಸೆಂಟೆರಿಕ್ ಇಸ್ಕೀಮಿಯಾ ಎಂದು ಕರೆಯುವ ಈ ಕಾಯಿಲೆ ಅಪರೂಪದ್ದು, ಆದರೆ ತೀವ್ರ ರೂಪದಲ್ಲಿ ಬಂದು ತಡವಾಗಿ ಗುರುತಾದಾಗ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಬೇಗ ಗುರುತಾದರೆ ಚಿತ್ರ ಬಹಳಷ್ಟು ಬದಲಾಗುತ್ತದೆ. ಈ ಲೇಖನದ ಹೆಚ್ಚಿನ ಭಾಗ ಆ ‘ಬೇಗ’ ಎಂಬುದಕ್ಕೇ ಮೀಸಲಾಗಿದೆ.

ಹೆಜ್ಜೆ 1: ರಕ್ತ ಬರುವ ದಾರಿಯನ್ನು ತಿಳಿದುಕೊಳ್ಳಿ

ಹೃದಯದಿಂದ ಕೆಳಗಿಳಿಯುವ ಮಹಾಪಧಮನಿಯಿಂದ ಹೊಟ್ಟೆಯ ಭಾಗದಲ್ಲಿ ಮೂರು ಕವಲುಗಳು ಮುಂದಕ್ಕೆ ಹೊರಡುತ್ತವೆ. ಮೊದಲನೆಯದಾದ ಸೀಲಿಯಾಕ್ ಅಪಧಮನಿ ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತ ಕೊಡುತ್ತದೆ. ಎರಡನೆಯದಾದ ಮೇಲಿನ ಮೆಸೆಂಟೆರಿಕ್ ಅಪಧಮನಿ ಸಣ್ಣ ಕರುಳಿನ ಬಹುತೇಕ ಭಾಗವನ್ನೂ ದೊಡ್ಡ ಕರುಳಿನ ಬಲಭಾಗವನ್ನೂ ಪೋಷಿಸುತ್ತದೆ. ಮೂರನೆಯ, ಎಲ್ಲಕ್ಕಿಂತ ಚಿಕ್ಕದಾದ ಕೆಳಗಿನ ಮೆಸೆಂಟೆರಿಕ್ ಅಪಧಮನಿಯ ಪಾಲಿಗೆ ದೊಡ್ಡ ಕರುಳಿನ ಎಡಭಾಗ ಬರುತ್ತದೆ. ಇವೆಲ್ಲ ಸೇರಿ, ನಾವು ಸುಮ್ಮನೆ ಕುಳಿತಿರುವಾಗಲೂ ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಪಡೆಯುತ್ತವೆ. ಊಟವಾದ ಮೇಲೆ ಈ ಪಾಲು ಇನ್ನೂ ಹೆಚ್ಚುತ್ತದೆ. ಊಟ ಮಾಡಿದಾಗ ರಕ್ತದ ಬೇಡಿಕೆ ಏರುತ್ತದೆ ಎಂಬ ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂರೂ ಕವಲುಗಳ ನಡುವೆ ಒಳದಾರಿಗಳಿವೆ. ಒಂದು ನಾಳ ವರ್ಷಗಟ್ಟಲೆ ನಿಧಾನವಾಗಿ ಕಿರಿದಾದರೆ ಇನ್ನೊಂದು ತನ್ನ ಒಳದಾರಿಗಳನ್ನು ಅಗಲಿಸಿಕೊಂಡು ಅದರ ಕೆಲಸವನ್ನೂ ನಡೆಸುತ್ತದೆ. ಅದಕ್ಕೇ ಒಂದೇ ನಾಳ ಕಿರಿದಾದ ಎಷ್ಟೋ ಹಿರಿಯರಿಗೆ ಯಾವ ತೊಂದರೆಯೂ ಇರುವುದಿಲ್ಲ. ಒಂದೇ ಏಟಿಗೆ ಕಟ್ಟಿಕೊಂಡರೆ ಮಾತ್ರ ಈ ಹೊಂದಾಣಿಕೆಗೆ ಸಮಯವೇ ಸಿಗುವುದಿಲ್ಲ. ದೊಡ್ಡ ಕರುಳು ಎಡಗಡೆ ಪಕ್ಕೆಲುಬಿನ ಕೆಳಗೆ ತಿರುಗುವ ಜಾಗಕ್ಕೆ ಎರಡು ನಾಳಗಳ ಕೊನೆಯ ಕವಲುಗಳು ಮಾತ್ರ ತಲುಪುತ್ತವೆ. ಕಾಲುವೆಯ ಕೊನೆಯ ಭಾಗದ ಗದ್ದೆಗೆ ನೀರು ಕಡಿಮೆಯಾದ ವರ್ಷ ಮೊದಲು ಬರ ಬರುವ ಹಾಗೆ, ರಕ್ತದೊತ್ತಡ ಕುಸಿದಾಗ ಮೊದಲು ಸೊರಗುವುದು ಈ ಜಾಗ.

ಹೆಜ್ಜೆ 2: ಯಾವ ಬಗೆಯದೆಂದು ಅಂದಾಜಿಸಿ

ಒಂದೇ ಹೆಸರಿನಡಿ ಬರುವ ಈ ಕಾಯಿಲೆಗೆ ಹಲವು ಮುಖಗಳಿವೆ. ಅವುಗಳ ವೇಗ ಬೇರೆ, ಚಿಕಿತ್ಸೆ ಬೇರೆ. ರೋಗನಿರ್ಣಯ ವೈದ್ಯರ ಕೆಲಸವೇ ಹೌದು. ಆದರೂ ಎಷ್ಟು ಅವಸರ ಮಾಡಬೇಕೆಂದು ಮನೆಯವರು ತೀರ್ಮಾನಿಸಲು ಈ ತಿಳಿವಳಿಕೆ ಬೇಕು.

ಅತ್ಯಂತ ಅಪಾಯದ ಬಗೆ, ಹೃದಯದಲ್ಲಿ ಹುಟ್ಟಿದ ರಕ್ತದ ಹೆಪ್ಪು ತೇಲಿ ಬಂದು ಮೇಲಿನ ಮೆಸೆಂಟೆರಿಕ್ ಅಪಧಮನಿಯಲ್ಲಿ ಸಿಕ್ಕಿಕೊಳ್ಳುವುದು. ಈ ನಾಳ ಮಹಾಪಧಮನಿಯಿಂದ ಓರೆಯಾಗಿ ಕೆಳಮುಖವಾಗಿ ಹೊರಡುವುದರಿಂದ ರಕ್ತದೊಂದಿಗೆ ಬಂದ ಹೆಪ್ಪು ಸಲೀಸಾಗಿ ಇದರೊಳಗೆ ನುಗ್ಗುತ್ತದೆ. ತೀವ್ರ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಬಂದವು. ಹೃದಯದ ಮೇಲ್ಗೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಇರುವವರು, ಇತ್ತೀಚೆಗೆ ಹೃದಯಾಘಾತವಾದವರು, ಕೃತಕ ಕವಾಟ ಹಾಕಿಸಿಕೊಂಡವರು ಈ ಅಪಾಯದ ಸಾಲಿನಲ್ಲಿ ಮುಂದಿರುತ್ತಾರೆ. ನಮ್ಮ ದೇಶಕ್ಕೆ ಇನ್ನೊಂದು ಕಾರಣವನ್ನು ಸೇರಿಸಲೇಬೇಕು: ಬಾಲ್ಯದ ಗಂಟಲುನೋವಿನ ಸೋಂಕಿನಿಂದ ಬರುವ ರುಮ್ಯಾಟಿಕ್ ಜ್ವರ ಹೃದಯದ ಮಿಟ್ರಲ್ ಕವಾಟವನ್ನು ಕಿರಿದು ಮಾಡಿದಾಗ ಮೂವತ್ತು ನಲವತ್ತರ ವಯಸ್ಸಿನಲ್ಲೇ ಹೃದಯದೊಳಗೆ ಹೆಪ್ಪು ಕಟ್ಟಬಹುದು. ಪಾಶ್ಚಾತ್ಯ ದೇಶಗಳ ಬರಹಗಳಲ್ಲಿ ಇದು ‘ಮುದುಕರ ಕಾಯಿಲೆ’ ಎಂದು ಓದಿದವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಎರಡನೆಯ ಬಗೆಯಲ್ಲಿ, ಕೊಬ್ಬು ಕಟ್ಟಿ ಮೊದಲೇ ಕಿರಿದಾಗಿದ್ದ ನಾಳದೊಳಗೆ ಒಂದು ದಿನ ಹೆಪ್ಪು ಕಟ್ಟಿ ದಾರಿ ಪೂರ್ತಿ ಮುಚ್ಚುತ್ತದೆ. ಈ ರೋಗಿಗಳನ್ನು ವಿಚಾರಿಸಿದರೆ, ಹಲವರು ತಿಂಗಳುಗಳಿಂದ ಊಟವಾದ ಮೇಲೆ ನೋವು ಬರುತ್ತಿತ್ತೆಂದೂ ತೂಕ ಇಳಿದಿತ್ತೆಂದೂ ಹೇಳುತ್ತಾರೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಇಲ್ಲಿನ ಹಿನ್ನೆಲೆ.

ಮೂರನೆಯದರಲ್ಲಿ ನಾಳ ಕಟ್ಟಿರುವುದೇ ಇಲ್ಲ. ತೀವ್ರ ಸೋಂಕು, ಹೃದಯದ ದೌರ್ಬಲ್ಯ, ದೊಡ್ಡ ಶಸ್ತ್ರಚಿಕಿತ್ಸೆ ಇವುಗಳಿಂದ ರಕ್ತದೊತ್ತಡ ಕುಸಿದಾಗ ದೇಹವು ಮಿದುಳು ಮತ್ತು ಹೃದಯವನ್ನು ಉಳಿಸಿಕೊಳ್ಳಲು ಕರುಳಿನ ನಾಳಗಳನ್ನು ಬಿಗಿಹಿಡಿಯುತ್ತದೆ. ಇದು ಹೆಚ್ಚಾಗಿ ಐಸಿಯುವಿನಲ್ಲಿ ಮಲಗಿರುವವರಿಗೆ ಬರುವಂಥದ್ದು. ನೋವಿದೆಯೆಂದು ಹೇಳುವ ಸ್ಥಿತಿಯಲ್ಲೂ ಅವರು ಇರುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಡಯಾಲಿಸಿಸ್ ನಡುವೆ ಬಿ.ಪಿ. ಬಿದ್ದು, ಆಮೇಲೆ ಹೊಟ್ಟೆನೋವು ಶುರುವಾದರೆ ಅದನ್ನೂ ಈ ದೃಷ್ಟಿಯಿಂದ ನೋಡಬೇಕು.

ನಾಲ್ಕನೆಯದು ರಕ್ತ ಹಿಂತಿರುಗುವ ಅಭಿಧಮನಿಯಲ್ಲಿ ಹೆಪ್ಪು ಕಟ್ಟುವುದು. ರಕ್ತ ಒಳಬರುತ್ತದೆ, ಹೊರಹೋಗಲು ದಾರಿಯಿರುವುದಿಲ್ಲ. ಕರುಳು ಬಾತು, ಕೊನೆಗೆ ಹೊಸ ರಕ್ತವೂ ಒಳಗೆ ಬರದಂತಾಗುತ್ತದೆ. ಇದು ಸ್ವಲ್ಪ ಕಿರಿಯ ವಯಸ್ಸಿನವರಿಗೂ ಬರುತ್ತದೆ, ನೋವು ಗಂಟೆಗಳ ಬದಲು ದಿನಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿರುವವರು, ಲಿವರ್ ಸಿರೋಸಿಸ್ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಇರುವವರು, ಗುಲ್ಮ ತೆಗೆಸಿಕೊಂಡವರು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಸೇವಿಸುವವರು ಇದಕ್ಕೆ ಗುರಿಯಾಗಬಹುದು. ಬಹಳ ಎತ್ತರದ ಗಡಿ ಪ್ರದೇಶಗಳಲ್ಲಿ ತಿಂಗಳುಗಟ್ಟಲೆ ಸೇವೆ ಸಲ್ಲಿಸುವ ಸೈನಿಕರಲ್ಲೂ ಇದು ಕಂಡುಬಂದಿದೆ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲೆಂದು ನುಂಗಿದ ಮಾತ್ರೆಯನ್ನು ‘ಅದೇನು ಔಷಧವಲ್ಲ’ ಎಂದು ವೈದ್ಯರಿಗೆ ಹೇಳದೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ಅದೂ ಹಾರ್ಮೋನು, ಹೇಳಲೇಬೇಕು.

ಇವು ನಾಲ್ಕೂ ತೀವ್ರ ಬಗೆಗಳು. ನಿಧಾನ ಬಗೆ ಮತ್ತು ದೊಡ್ಡ ಕರುಳಿಗೆ ಸೀಮಿತವಾದ ಬಗೆ, ಇವೆರಡರ ದಾರಿ ಬೇರೆಯಾದ್ದರಿಂದ ಮುಂದೆ ಪ್ರತ್ಯೇಕವಾಗಿ ಬರುತ್ತವೆ.

ಹೆಜ್ಜೆ 3: ನೋವಿಗೂ ಹೊಟ್ಟೆಯ ಸ್ಥಿತಿಗೂ ತಾಳೆಯಾಗದಿರುವುದನ್ನು ಗಮನಿಸಿ

ಅಪೆಂಡಿಸೈಟಿಸ್ ಅಥವಾ ಕರುಳು ತೂತಾದ ರೋಗಿಯ ಹೊಟ್ಟೆ ಮುಟ್ಟಿದರೆ ಬಿಗಿಯಾಗಿರುತ್ತದೆ, ಒತ್ತಿದರೆ ರೋಗಿ ಕೈ ತಳ್ಳುತ್ತಾನೆ. ಕರುಳಿನ ನಾಳ ಕಟ್ಟಿದ ಆರಂಭದ ಗಂಟೆಗಳಲ್ಲಿ ಹಾಗಲ್ಲ. ರೋಗಿ ಹಾಸಿಗೆಯಲ್ಲಿ ಹೊರಳಾಡುತ್ತಿರುತ್ತಾನೆ, ಬೆವರುತ್ತಿರುತ್ತಾನೆ, ಆದರೆ ಹೊಟ್ಟೆ ಮೆತ್ತಗಿರುತ್ತದೆ. ಎಲ್ಲಿ ಒತ್ತಿದರೂ ವಿಶೇಷ ನೋವಿಲ್ಲ. ‘ಪರೀಕ್ಷೆಯಲ್ಲಿ ಏನೂ ಕಾಣುತ್ತಿಲ್ಲ, ಇವರು ಇಷ್ಟೇಕೆ ಒದ್ದಾಡುತ್ತಿದ್ದಾರೆ’ ಎಂಬ ಅನುಮಾನ ನೋಡುವವರಿಗೆ ಬರುತ್ತದೆ. ಆ ತಾಳೆಯಾಗದಿರುವಿಕೆಯೇ ಈ ಕಾಯಿಲೆಯ ಅತ್ಯಂತ ನಂಬಲರ್ಹ ಗುರುತು. ನೋವಿನ ಆರಂಭದಲ್ಲೇ ವಾಂತಿಯಾಗುವುದು, ಒಂದೆರಡು ಸಲ ಜೋರಾಗಿ ಭೇದಿಯಾಗುವುದು ಇದರ ಜೊತೆಗಿರಬಹುದು. ತೀವ್ರ ನೋವು, ವಾಂತಿ ಅಥವಾ ಭೇದಿ, ಹೃದಯದ ಹಳೆಯ ಕಾಯಿಲೆ, ಈ ಮೂರೂ ಒಬ್ಬರಲ್ಲೇ ಕೂಡಿದರೆ ಬೇರೆ ರುಜುವಾತಿಗೆ ಕಾಯಬೇಕಿಲ್ಲ.

ಇನ್ನೂ ಒಂದು ಮೋಸವಿದೆ. ಕೆಲವು ಗಂಟೆಗಳ ನಂತರ, ಕರುಳಿನ ನರಗಳೂ ಸಾಯುತ್ತಾ ಬಂದಂತೆ, ನೋವು ತುಸು ಇಳಿಯಬಹುದು. ಮನೆಯವರು ‘ಗುಣವಾಗುತ್ತಿದೆ’ ಎಂದು ನಿಟ್ಟುಸಿರು ಬಿಡುವ ಹೊತ್ತು ಅದು. ಆಮೇಲೆ ಹೊಟ್ಟೆ ಉಬ್ಬಿ ಬಿಗಿಯಾಗುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ, ಜ್ವರ ಬರುತ್ತದೆ, ಬಿ.ಪಿ. ಬೀಳುತ್ತದೆ. ಇವೆಲ್ಲ ಕರುಳು ಕೊಳೆಯತೊಡಗಿದ ಲಕ್ಷಣಗಳು. ಇವು ಕಾಣುವವರೆಗೆ ಕಾದು ಆಸ್ಪತ್ರೆಗೆ ಹೋದರೆ ಬಹಳ ತಡವಾಗಿರುತ್ತದೆ.

ಹೆಜ್ಜೆ 4: ಮನೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ತೀವ್ರ ನೋವು ಒಂದು ಗಂಟೆಯೊಳಗೆ ಇಳಿಯದಿದ್ದರೆ, ಅದರಲ್ಲೂ ರೋಗಿಗೆ ಹೃದಯದ ಕಾಯಿಲೆ ಇದ್ದರೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ಹೋಗುವ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರವೂ ಶಸ್ತ್ರಚಿಕಿತ್ಸಕರೂ ರಾತ್ರಿಯೂ ಲಭ್ಯವೇ ಎಂದು ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ಹತ್ತಿರದ ಸಣ್ಣ ಆಸ್ಪತ್ರೆಗೆ ಹೋಗಿ, ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಎಂದು ಮೂರು ಕಡೆ ಇಳಿದು ಹತ್ತುವಷ್ಟರಲ್ಲಿ ಹೊತ್ತು ಮೀರುತ್ತದೆ. ಆದರೆ ರೋಗಿ ತಲೆ ಸುತ್ತಿ ಬೀಳುತ್ತಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಹತ್ತಿರದ ಆಸ್ಪತ್ರೆಯೇ ಮೊದಲು. ಡ್ರಿಪ್ ಹಾಕಿಸಿಕೊಂಡು ಮುಂದೆ ಹೋಗಬೇಕು.

ಹೊರಡುವ ಮೊದಲು ಊಟ, ಹಾಲು, ಕಷಾಯ ಏನೂ ಬೇಡ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಜೊತೆಗೆ ಸೊರಗಿದ ಕರುಳಿಗೆ ಆಹಾರ ಇನ್ನಷ್ಟು ಹೊರೆ. ಮಲಬದ್ಧತೆಯೆಂದು ಭೇದಿ ಮಾತ್ರೆ ಅಥವಾ ಎನಿಮಾ ಕೊಡುವುದು, ‘ಬಟ್ಟಿ ಜಾರಿದೆ’ ಎಂದು ಹೊಟ್ಟೆ ನೀವಿಸುವುದು ಅಪಾಯ. ಎದೆನೋವಿಗೆ ಕೊಡುವಂತೆ ಆಸ್ಪಿರಿನ್ ಅಗಿಸುವುದೂ ಬೇಡ, ಅದು ವೈದ್ಯರ ತೀರ್ಮಾನಕ್ಕೆ ಬಿಟ್ಟದ್ದು.

ಒಂದು ಚೀಲದಲ್ಲಿ ಹಳೆಯ ಇ.ಸಿ.ಜಿ., ಎಕೋ ವರದಿ, ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) ಬರೆಸುವ ಪುಸ್ತಕ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಹಾಕಿಕೊಳ್ಳಿ. ನೋವು ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ನಾಲ್ಕು ಜನ ನಾಲ್ಕು ಸಲ ಕೇಳುವ ಪ್ರಶ್ನೆ ಅದು, ಗಾಬರಿಯಲ್ಲಿ ಪ್ರತಿ ಸಲವೂ ಉತ್ತರ ಬದಲಾಗುತ್ತದೆ.

ಹೆಜ್ಜೆ 5: ಆಸ್ಪತ್ರೆಯಲ್ಲಿ ಸರಿಯಾದ ಪ್ರಶ್ನೆ ಕೇಳಿ

ತುರ್ತು ವಿಭಾಗದ ವೈದ್ಯರಿಗೆ ದಿನವೂ ಹತ್ತಾರು ಹೊಟ್ಟೆನೋವುಗಳು ಬರುತ್ತವೆ, ಅವುಗಳಲ್ಲಿ ಇದು ವರ್ಷಕ್ಕೆ ಕೆಲವು ಮಾತ್ರ. ಆದ್ದರಿಂದ ಮಾಹಿತಿಯನ್ನು ಕ್ರಮವಾಗಿ ಹೇಳುವುದು ರೋಗಿಯ ಕಡೆಯವರ ಕೈಯಲ್ಲಿರುವ ದೊಡ್ಡ ಉಪಕಾರ: ನೋವು ಎಷ್ಟು ಗಂಟೆಗೆ, ಹೇಗೆ ಶುರುವಾಯಿತು, ಹೃದಯದ ಕಾಯಿಲೆ ಏನಿದೆ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಇತ್ತೀಚೆಗೆ ಬಿಟ್ಟಿದ್ದಾರೆಯೇ, ಹಿಂದೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ ಅಥವಾ ಮಿದುಳಿನಲ್ಲಿ ಹೆಪ್ಪು ಕಟ್ಟಿತ್ತೇ. ಆಮೇಲೆ ವಿನಯದಿಂದಲೇ ಕೇಳಿ: ‘ಡಾಕ್ಟರೇ, ಕರುಳಿನ ರಕ್ತನಾಳ ಕಟ್ಟಿರುವ ಸಾಧ್ಯತೆ ಇದೆಯೇ? ಸಿ.ಟಿ. ಆಂಜಿಯೋಗ್ರಾಂ ಬೇಕಾಗಬಹುದೇ?’ ಬುದ್ಧಿ ಹೇಳಿದಂತಾಗುತ್ತದೆ ಎಂಬ ಸಂಕೋಚ ಇಲ್ಲಿ ಬೇಡ.

ಈ ಕಾಯಿಲೆಯನ್ನು ಖಚಿತಪಡಿಸುವ ಪರೀಕ್ಷೆ ಸಿ.ಟಿ. ಆಂಜಿಯೋಗ್ರಾಂ. ಕೈಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟು, ಅದು ಮೊದಲು ಅಪಧಮನಿಗಳಲ್ಲಿ, ನಂತರ ಅಭಿಧಮನಿಗಳಲ್ಲಿ ಹರಿಯುವಾಗ ಚಿತ್ರ ತೆಗೆಯುತ್ತಾರೆ. ನಾಳ ಎಲ್ಲಿ ಕಟ್ಟಿದೆ, ಕರುಳಿನ ಗೋಡೆಗೆ ರಕ್ತ ತಲುಪುತ್ತಿದೆಯೇ, ಎರಡೂ ಒಂದೇ ಬಾರಿಗೆ ತಿಳಿಯುತ್ತದೆ. ಕುಡಿಯುವ ಕಾಂಟ್ರಾಸ್ಟ್ ಇದಕ್ಕೆ ಬೇಕಿಲ್ಲ, ಅದು ಸಮಯವನ್ನೂ ನುಂಗುತ್ತದೆ, ನಾಳಗಳ ಚಿತ್ರವನ್ನೂ ಮಸುಕು ಮಾಡುತ್ತದೆ. ಕಾಂಟ್ರಾಸ್ಟ್‌ನಿಂದ ಕಿಡ್ನಿಗೆ ತೊಂದರೆಯಾದೀತೆಂಬ ಭಯ ಮನೆಯವರಲ್ಲೂ ಕೆಲವೊಮ್ಮೆ ವೈದ್ಯರಲ್ಲೂ ಇರುತ್ತದೆ. ಕರುಳು ಸಾಯುತ್ತಿರುವ ಅನುಮಾನ ಬಲವಾಗಿದ್ದಾಗ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಗಾಗಿ ಸ್ಕ್ಯಾನನ್ನು ಮುಂದೂಡಬಾರದೆಂಬುದು ಅಂತರರಾಷ್ಟ್ರೀಯ ಶಸ್ತ್ರಚಿಕಿತ್ಸಾ ಮಾರ್ಗಸೂಚಿಗಳ ನಿಲುವು. ಕಿಡ್ನಿಗೆ ಆಗಬಹುದಾದ ಹಾನಿಯನ್ನು ಸಾಮಾನ್ಯವಾಗಿ ನಿಭಾಯಿಸಬಹುದು. ಸತ್ತ ಕರುಳಿಗೆ ಮರಳಿ ಜೀವ ಬರುವುದಿಲ್ಲ.

ನಮ್ಮಲ್ಲಿ ಹೊಟ್ಟೆನೋವಿಗೆ ಮೊದಲು ಮಾಡಿಸುವುದು ಅಲ್ಟ್ರಾಸೌಂಡ್. ಪಿತ್ತಕೋಶದ ಕಲ್ಲು, ಕಿಡ್ನಿ ಕಲ್ಲುಗಳಿಗೆ ಅದು ಒಳ್ಳೆಯದೇ. ಕರುಳಿನ ನಾಳಗಳ ಮೇಲೆ ಗಾಳಿ ತುಂಬಿದ ಕರುಳು ಅಡ್ಡ ಬರುವುದರಿಂದ ‘ಸ್ಕ್ಯಾನ್ ನಾರ್ಮಲ್’ ಎಂಬ ವರದಿ ಈ ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ. ಮೊದಲ ಗಂಟೆಗಳ ಎಕ್ಸ್‌ರೇಯೂ ನಾರ್ಮಲ್ ಇರಬಹುದು. ರಕ್ತಪರೀಕ್ಷೆಗಳಲ್ಲಿ ಬಿಳಿ ಕಣಗಳು ಹೆಚ್ಚಿರುತ್ತವೆ, ಅಮೈಲೇಸ್ ಅಲ್ಪಸ್ವಲ್ಪ ಏರಿ ಮೇದೋಜೀರಕದ ಉರಿಯೂತವೆಂದು ದಾರಿ ತಪ್ಪಿಸಬಹುದು. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಹೆಚ್ಚುವ ಲ್ಯಾಕ್ಟೇಟ್ ಏರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಏರದಿದ್ದ ಮಾತ್ರಕ್ಕೆ ಸಮಾಧಾನ ಪಡುವಂತಿಲ್ಲ, ಏಕೆಂದರೆ ಆರಂಭದಲ್ಲಿ ಅದು ಸಹಜವಾಗಿಯೇ ಇರಬಹುದು. ಹೆಪ್ಪು ಕರಗುವಾಗ ರಕ್ತದಲ್ಲಿ ಕಾಣುವ ಡಿ-ಡೈಮರ್ ಪೂರ್ತಿ ಸಹಜವಾಗಿದ್ದರೆ ಈ ಕಾಯಿಲೆಯ ಸಾಧ್ಯತೆ ತಗ್ಗುತ್ತದೆ, ಏರಿದ್ದರೆ ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗದು.

ಬೇರೆ ಆಸ್ಪತ್ರೆಗೆ ಕಳುಹಿಸುವುದಾದರೆ ಸ್ಕ್ಯಾನಿನ ಮುದ್ರಿತ ವರದಿಯ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಿಗೆ ಚಿತ್ರಗಳೇ ಬೇಕು. ಅವಿಲ್ಲದಿದ್ದರೆ ಮತ್ತೊಮ್ಮೆ ಸ್ಕ್ಯಾನ್, ಮತ್ತೊಮ್ಮೆ ಕಾಂಟ್ರಾಸ್ಟ್, ಮತ್ತೆರಡು ಗಂಟೆ.

ಹೆಜ್ಜೆ 6: ಚಿಕಿತ್ಸೆಯ ಕ್ರಮವನ್ನು ಅರ್ಥಮಾಡಿಕೊಳ್ಳಿ

ರೋಗ ಖಚಿತವಾದ ಕೂಡಲೇ, ಕೆಲವೊಮ್ಮೆ ಅದಕ್ಕೂ ಮೊದಲೇ, ಮೂರು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ರಕ್ತನಾಳಕ್ಕೆ ಸಾಕಷ್ಟು ದ್ರವ ಕೊಡುತ್ತಾರೆ. ಹೆಪ್ಪು ಮತ್ತಷ್ಟು ಬೆಳೆಯದಂತೆ ಹೆಪಾರಿನ್ ಆರಂಭಿಸುತ್ತಾರೆ. ಸೊರಗಿದ ಕರುಳಿನ ಗೋಡೆಯನ್ನು ದಾಟಿ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುವುದರಿಂದ ಆಂಟಿಬಯಾಟಿಕ್ ಕೊಡುತ್ತಾರೆ. ಮೂಗಿನಿಂದ ಜಠರಕ್ಕೆ ನಳಿಕೆ ಹಾಕುವುದು ಹೊಟ್ಟೆಯ ಉಬ್ಬರ ತಗ್ಗಿಸಲು. ನೋವು ನಿವಾರಕ ಇಂಜೆಕ್ಷನ್ ಕೊಟ್ಟರೆ ರೋಗಲಕ್ಷಣ ಮುಚ್ಚಿಹೋಗುತ್ತದೆ ಎಂಬ ಹಳೆಯ ನಂಬಿಕೆ ಈಗಿಲ್ಲ, ನೋವಿಗೆ ಔಷಧ ಕೇಳಬಹುದು.

ಮುಂದಿನ ದಾರಿ ಕರುಳು ಇನ್ನೂ ಬದುಕಿದೆಯೇ ಎಂಬುದನ್ನು ಅವಲಂಬಿಸಿದೆ. ಹೊಟ್ಟೆ ಬಿಗಿಯಾಗಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಕರುಳಿನ ಗೋಡೆಯೊಳಗೆ ಗಾಳಿ ಕಂಡರೆ, ಹೊಟ್ಟೆ ತೆರೆದು ನೋಡಲೇಬೇಕು. ಅಲ್ಲಿ ಶಸ್ತ್ರಚಿಕಿತ್ಸಕರು ಸಾಧ್ಯವಾದಾಗಲೆಲ್ಲ ಮೊದಲು ರಕ್ತದ ದಾರಿ ಬಿಡಿಸುತ್ತಾರೆ, ಆಮೇಲೆ ಕರುಳನ್ನು ಕತ್ತರಿಸುತ್ತಾರೆ. ಈ ಅನುಕ್ರಮಕ್ಕೆ ಕಾರಣವಿದೆ: ಕಪ್ಪಾಗಿ ಕಂಡ ಕರುಳಿನ ಒಂದು ಭಾಗ ರಕ್ತ ಮರಳಿದ ಮೇಲೆ ಕೆಂಪೇರಿ ಮಿಸುಕಾಡತೊಡಗಬಹುದು, ಮೊದಲೇ ಕತ್ತರಿಸಿದರೆ ಅದನ್ನು ಕಳೆದುಕೊಂಡಂತಾಗುತ್ತದೆ. ತೇಲಿ ಬಂದ ಹೆಪ್ಪನ್ನು ತೆಗೆಯಲು ತುದಿಯಲ್ಲಿ ಬಲೂನು ಇರುವ ಸಪೂರ ನಳಿಕೆಯನ್ನು ನಾಳದೊಳಗೆ ದಾಟಿಸಿ, ಬಲೂನು ಉಬ್ಬಿಸಿ, ಹೊರಗೆಳೆಯುತ್ತಾರೆ. ಅಮೆರಿಕದ ಥಾಮಸ್ ಫೋಗಾರ್ಟಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಈ ಸಾಧನ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಮೊದಲೇ ಕಿರಿದಾಗಿದ್ದ ನಾಳವಾದರೆ ಬೈಪಾಸ್ ಅಥವಾ ಸ್ಟೆಂಟ್ ಬೇಕಾಗುತ್ತದೆ.

ಕರುಳು ಇನ್ನೂ ಸತ್ತಿಲ್ಲವೆಂದು ಸ್ಕ್ಯಾನ್ ಸೂಚಿಸಿದರೆ ಮತ್ತು ಆಸ್ಪತ್ರೆಯಲ್ಲಿ ಸೌಲಭ್ಯವಿದ್ದರೆ, ಹೊಟ್ಟೆ ತೆರೆಯದೆ, ತೊಡೆಯ ಅಥವಾ ತೋಳಿನ ನಾಳದ ಮೂಲಕವೇ ಹೆಪ್ಪನ್ನು ಹೀರಿ ತೆಗೆದು ಸ್ಟೆಂಟ್ ಹಾಕುವುದುಂಟು. ಹೃದಯದ ಆಂಜಿಯೋಪ್ಲಾಸ್ಟಿ ಕಂಡವರಿಗೆ ಈ ವಿಧಾನ ಪರಿಚಿತವೆನಿಸುತ್ತದೆ. ಅದಾದ ಮೇಲೂ ಹೊಟ್ಟೆನೋವು ಹೆಚ್ಚಿದರೆ ಶಸ್ತ್ರಚಿಕಿತ್ಸೆ ತಪ್ಪುವುದಿಲ್ಲ ಎಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು. ನಾಳ ಕಟ್ಟದೆ ಬಿಗಿಹಿಡಿದ ಬಗೆಯಲ್ಲಿ ಮೂಲ ಕಾರಣದ ಚಿಕಿತ್ಸೆಯೇ ಮುಖ್ಯ, ಕೆಲವರಿಗೆ ನಾಳ ಸಡಿಲಿಸುವ ಪಪಾವರಿನ್‌ನಂಥ ಔಷಧವನ್ನು ನೇರವಾಗಿ ಕರುಳಿನ ನಾಳಕ್ಕೆ ಕೊಡುತ್ತಾರೆ. ಅಭಿಧಮನಿ ಕಟ್ಟಿದ ಬಗೆಯಲ್ಲಿ, ಕರುಳು ಕೊಳೆಯದಿದ್ದರೆ, ಹೆಚ್ಚಿನವರು ಹೆಪಾರಿನ್ ಒಂದರಿಂದಲೇ ಚೇತರಿಸಿಕೊಳ್ಳುತ್ತಾರೆ.

ಮೊದಲ ಶಸ್ತ್ರಚಿಕಿತ್ಸೆಯ 24ರಿಂದ 48 ಗಂಟೆಗಳೊಳಗೆ ಮತ್ತೆ ಒಮ್ಮೆ ಹೊಟ್ಟೆ ತೆರೆದು ನೋಡುತ್ತೇವೆಂದು ವೈದ್ಯರು ಹೇಳಿದರೆ ಗಾಬರಿಯಾಗಬೇಡಿ, ಮೊದಲನೆಯದು ಕೆಟ್ಟಿತೆಂದು ಭಾವಿಸಬೇಡಿ. ಮೊದಲ ದಿನ ಬದುಕುತ್ತದೋ ಇಲ್ಲವೋ ಎಂಬ ಅನುಮಾನದ ಕರುಳನ್ನು ಉಳಿಸಿ, ಎರಡನೇ ಸಲ ನೋಡಿ ತೀರ್ಮಾನಿಸುವುದು ಈ ಕಾಯಿಲೆಯಲ್ಲಿ ರೂಢಿಯ ಕ್ರಮ. ಅದಕ್ಕಾಗಿ ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿರುವುದೂ ಉಂಟು, ಮಲ ಹೊರಬರಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸಿರುವುದೂ ಉಂಟು. ಚೀಲವನ್ನು ಹಲವರಲ್ಲಿ ಕೆಲವು ತಿಂಗಳ ನಂತರ ತೆಗೆಯಬಹುದು.

ಕಠಿಣವಾದ ಒಂದು ಸಂದರ್ಭವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಹೊಟ್ಟೆ ತೆರೆದಾಗ ಸಣ್ಣ ಕರುಳು ಪೂರ್ತಿ ಸತ್ತಿರುವುದು ಕಂಡರೆ, ರೋಗಿ ತುಂಬಾ ವಯಸ್ಸಾದವರೂ ಬೇರೆ ಕಾಯಿಲೆಗಳಿಂದ ಬಳಲಿದವರೂ ಆಗಿದ್ದರೆ, ಎಲ್ಲವನ್ನೂ ಕತ್ತರಿಸಿ ತೆಗೆಯುವುದಕ್ಕಿಂತ ನೋವಿಲ್ಲದಂತೆ ನೋಡಿಕೊಳ್ಳುವುದೇ ಮೇಲೆಂದು ವೈದ್ಯರು ಸಲಹೆ ಮಾಡಬಹುದು. ಆಗ ‘ಇದನ್ನು ತೆಗೆದರೆ ಬದುಕು ಹೇಗಿರುತ್ತದೆ, ಎಷ್ಟು ಕರುಳು ಉಳಿಯುತ್ತದೆ, ಬಾಯಿಂದ ಊಟ ಮಾಡಲಾಗುತ್ತದೆಯೇ’ ಎಂದು ನೇರವಾಗಿ ಕೇಳಿ. ಸಾಧ್ಯವಿದ್ದರೆ ಈ ಮಾತುಕತೆ ಶಸ್ತ್ರಚಿಕಿತ್ಸೆಗೆ ಮೊದಲೇ, ರೋಗಿಯ ಸಮ್ಮುಖದಲ್ಲೇ ನಡೆಯುವುದು ಒಳ್ಳೆಯದು.

ಹೆಜ್ಜೆ 7: ನಿಧಾನ ಬಗೆಯನ್ನು ಊಟದ ತಟ್ಟೆಯ ಮುಂದೆ ಗುರುತಿಸಿ

ಊಟವಾದ ಮೇಲೆ ಕರುಳಿಗೆ ಹೆಚ್ಚು ರಕ್ತ ಬೇಕೆಂಬ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಅಥವಾ ಮೂರು ನಾಳಗಳು ಕೊಬ್ಬು ಕಟ್ಟಿ ಕಿರಿದಾದವರಿಗೆ ಉಂಡ 15 ನಿಮಿಷದಿಂದ ಒಂದು ಗಂಟೆಯೊಳಗೆ ಹೊಟ್ಟೆಯ ನಡುಭಾಗದಲ್ಲಿ ನೋವು ಶುರುವಾಗಿ ಒಂದರಿಂದ ಮೂರು ಗಂಟೆ ಇರುತ್ತದೆ. ಹೆಚ್ಚು ಉಂಡರೆ ಹೆಚ್ಚು ನೋವು. ರೋಗಿಗೆ ಹಸಿವು ಇರುತ್ತದೆ, ಆದರೆ ಉಣ್ಣಲು ಹೆದರಿಕೆ. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಏಳುತ್ತಾರೆ, ತಿಂಗಳುಗಳಲ್ಲಿ ಸೊರಗುತ್ತಾರೆ. ಕ್ಯಾನ್ಸರ್ ಇರಬಹುದೆಂದು ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಿದರೆ ಏನೂ ಸಿಗುವುದಿಲ್ಲ, ಕೊನೆಗೆ ‘ಮಾನಸಿಕ’ ಎಂದು ಮಾತ್ರೆ ಸಿಗುತ್ತದೆ. ಅರುವತ್ತು ದಾಟಿದವರು, ಧೂಮಪಾನಿಗಳು, ಈಗಾಗಲೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ನಡೆದರೆ ಮೀನಖಂಡ ನೋಯುವವರು ಇಂಥ ನೋವು ಮತ್ತು ತೂಕ ಇಳಿಕೆಯನ್ನು ಹೇಳಿದರೆ ಕರುಳಿನ ನಾಳಗಳನ್ನು ನೋಡಬೇಕು. ಈ ಬಗೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಅನುಭವಿಗಳಿಂದ ಮಾಡಿಸಿದ, ನಾಳದಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಇದಕ್ಕೆ ಮೊದಲ ಮೆಟ್ಟಿಲು, ಸಿ.ಟಿ. ಆಂಜಿಯೋಗ್ರಾಂ ಚಿತ್ರವನ್ನು ಪೂರ್ಣಗೊಳಿಸುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ ಸ್ಟೆಂಟ್, ಅದು ಆಗದವರಿಗೆ ಬೈಪಾಸ್. ಸ್ಟೆಂಟ್ ಸುಲಭ ಮತ್ತು ಚೇತರಿಕೆ ಬೇಗ. ಆದರೆ ಅದು ಮತ್ತೆ ಕಿರಿದಾಗುವ ಸಂಭವ ಬೈಪಾಸಿಗಿಂತ ಹೆಚ್ಚು, ಆದ್ದರಿಂದ ಗೊತ್ತುಪಡಿಸಿದ ಅವಧಿಗೆ ಡಾಪ್ಲರ್ ಮಾಡಿಸುತ್ತಿರಬೇಕು. ಜೊತೆಗೆ ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮುಂದುವರಿಯುತ್ತವೆ. ಬೀಡಿ ಬಿಡದೆ ಸ್ಟೆಂಟ್ ಮೇಲೆ ಸ್ಟೆಂಟ್ ಹಾಕಿಸುವುದು ದುಡ್ಡು ದಂಡ. ತೀರಾ ಸೊರಗಿದವರನ್ನು ಮೊದಲು ತೂಕ ಏರಿಸಿಕೊಂಡು ಬನ್ನಿ ಎಂದು ತಿಂಗಳುಗಟ್ಟಲೆ ಕಾಯಿಸುವುದೂ ಸರಿಯಲ್ಲ, ರಕ್ತವಿಲ್ಲದೆ ಊಟ ಒಗ್ಗುವುದಿಲ್ಲ. ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಒಂದು ನಾಳ ಕಿರಿದಾಗಿರುವುದು ಕಂಡು, ರೋಗಿಗೆ ತೊಂದರೆಯೇ ಇಲ್ಲದಿದ್ದರೆ ಸ್ಟೆಂಟ್ ಬೇಕಿಲ್ಲ.

ಹೆಜ್ಜೆ 8: ರಕ್ತಭೇದಿಯನ್ನು ಮೂಲವ್ಯಾಧಿಯೆಂದು ತೀರ್ಮಾನಿಸುವ ಮೊದಲು

ದೊಡ್ಡ ಕರುಳಿಗೆ ಮಾತ್ರ ರಕ್ತ ಕಡಿಮೆಯಾಗುವ ಇಸ್ಕೀಮಿಕ್ ಕೊಲೈಟಿಸ್ ಈ ಗುಂಪಿನಲ್ಲಿ ಎಲ್ಲಕ್ಕಿಂತ ಸಾಮಾನ್ಯ, ಮತ್ತು ಎಲ್ಲಕ್ಕಿಂತ ಸೌಮ್ಯ. ಬಹುಪಾಲು ಹಿರಿಯರಲ್ಲಿ, ಹೊಟ್ಟೆಯ ಎಡಭಾಗದಲ್ಲಿ ಹಿಂಡಿದಂಥ ನೋವು, ತಡೆಯಲಾಗದ ಮಲಪ್ರವೃತ್ತಿ, ಒಂದು ದಿನದೊಳಗೆ ಕೆಂಪು ರಕ್ತ ಬೆರೆತ ಭೇದಿ. ನಿರ್ಜಲೀಕರಣ, ತೀವ್ರ ಮಲಬದ್ಧತೆ, ಬಿ.ಪಿ. ಮಾತ್ರೆಯ ಪ್ರಮಾಣ ಹೆಚ್ಚಾಗಿ ಒತ್ತಡ ಬೀಳುವುದು, ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಇರುವ ಔಷಧಗಳು ಇದನ್ನು ತರಬಹುದು. ಮೂಲವ್ಯಾಧಿಯ ರಕ್ತಸ್ರಾವದಲ್ಲಿ ಸಾಮಾನ್ಯವಾಗಿ ಹೊಟ್ಟೆ ನೋಯುವುದಿಲ್ಲ. ಆಮಶಂಕೆಯಲ್ಲಿ ಲೋಳೆ, ಜ್ವರ, ಹಲವು ದಿನಗಳ ಭೇದಿ ಇರುತ್ತದೆ. ಆಸ್ಪತ್ರೆಯಲ್ಲಿ ಕರುಳಿಗೆ ವಿಶ್ರಾಂತಿ, ಡ್ರಿಪ್, ಬೇಕಿದ್ದರೆ ಆಂಟಿಬಯಾಟಿಕ್ ಕೊಟ್ಟು, 48 ಗಂಟೆಗಳೊಳಗೆ ಜಾಗರೂಕವಾಗಿ ಕೊಲೊನೋಸ್ಕೋಪಿ ಮಾಡುತ್ತಾರೆ. ಹೆಚ್ಚಿನವರು ಕೆಲವು ದಿನಗಳಲ್ಲಿ ಗುಣವಾಗುತ್ತಾರೆ. ಬಲಭಾಗದ ಕರುಳಿಗೆ ಹಾನಿಯಾಗಿದ್ದರೆ ಮಾತ್ರ ಎಚ್ಚರ ಹೆಚ್ಚು ಬೇಕು. ಅದು ಮೇಲಿನ ಮೆಸೆಂಟೆರಿಕ್ ಅಪಧಮನಿಯ ತೊಂದರೆಯ ಮುನ್ಸೂಚನೆಯಾಗಿರಬಹುದು.

ಹೆಜ್ಜೆ 9: ಮನೆಗೆ ಬಂದ ಮೇಲೆ

ವಯಸ್ಕರ ಸಣ್ಣ ಕರುಳು ಹಲವು ಮೀಟರ್ ಉದ್ದವಿರುವುದರಿಂದ ಸ್ವಲ್ಪ ಭಾಗ ಹೋದರೆ ದೇಹ ಹೊಂದಿಕೊಳ್ಳುತ್ತದೆ. 200 ಸೆಂಟಿಮೀಟರಿಗಿಂತ ಕಡಿಮೆ ಉಳಿದಾಗ ಆಹಾರ ಸರಿಯಾಗಿ ಹೀರಲಾಗದೆ ಭೇದಿ, ನಿರ್ಜಲೀಕರಣ, ತೂಕ ಇಳಿಕೆ ಕಾಡಬಹುದು. ಆಸ್ಪತ್ರೆ ಬಿಡುವ ಮೊದಲು ‘ಎಷ್ಟು ಉದ್ದ ಉಳಿದಿದೆ, ದೊಡ್ಡ ಕರುಳು ಇದೆಯೇ’ ಎಂದು ಕೇಳಿ ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆಸಿಕೊಳ್ಳಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಅವರಿಗೆ ಮೊದಲು ಬೇಕಾಗುವ ಮಾಹಿತಿ ಇದು. ಇಂಥವರು ಬರೀ ನೀರನ್ನು ಹೆಚ್ಚು ಕುಡಿದರೆ ಭೇದಿ ಹೆಚ್ಚಬಹುದು, ಓ.ಆರ್.ಎಸ್. ಉತ್ತಮ. ಸಣ್ಣ ಕರುಳಿನ ಕೊನೆಯ ಭಾಗ ತೆಗೆದಿದ್ದರೆ ಬಿ12 ವಿಟಮಿನ್ ಬಾಯಿಂದ ಹೀರಲಾಗುವುದಿಲ್ಲ, ಇಂಜೆಕ್ಷನ್ ಜೀವನಪೂರ್ತಿ ಬೇಕಾಗಬಹುದು. ಊಟವನ್ನು ದಿನಕ್ಕೆ ಐದಾರು ಸಲ ಸಣ್ಣ ಪ್ರಮಾಣದಲ್ಲಿ ಮಾಡುವುದು ಎಲ್ಲರಿಗೂ ಹಿತ.

ಹೃದಯದಿಂದ ಹೆಪ್ಪು ಬಂದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಬಹುತೇಕ ಆಜೀವ. ರುಮ್ಯಾಟಿಕ್ ಕಾರಣದಿಂದ ಮಿಟ್ರಲ್ ಕವಾಟ ಕಿರಿದಾದವರಿಗೂ ಲೋಹದ ಕವಾಟ ಹಾಕಿಸಿಕೊಂಡವರಿಗೂ ಹೊಸ ಬಗೆಯ ಮಾತ್ರೆಗಳು ಸಲ್ಲುವುದಿಲ್ಲ. ವಾರ್ಫರಿನ್ ಅಥವಾ ನಮ್ಮಲ್ಲಿ ಹೆಚ್ಚು ಬಳಕೆಯ ಅಸಿಟ್ರಾಮ್ ಗುಂಪಿನವೇ ಬೇಕು. ಇವನ್ನು ನುಂಗುವವರು ಐ.ಎನ್.ಆರ್. ಪರೀಕ್ಷೆಯನ್ನು ತಪ್ಪಿಸಬಾರದು. ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಗುರಿ ಸಾಮಾನ್ಯವಾಗಿ 2ರಿಂದ 3ರ ನಡುವೆ, ಕೆಲವು ಲೋಹದ ಕವಾಟಗಳಿಗೆ ಸ್ವಲ್ಪ ಹೆಚ್ಚು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಹೃದಯದ ಚಿಕಿತ್ಸೆ ಪಡೆದವರೂ ತಿಂಗಳ ಐ.ಎನ್.ಆರ್. ಪರೀಕ್ಷೆಯನ್ನು ತಮ್ಮೂರಿನ ಹತ್ತಿರದ ಲ್ಯಾಬಿನಲ್ಲೇ ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿಕೊಳ್ಳಬಹುದು. ಸೊಪ್ಪು ತಿನ್ನುವುದನ್ನು ನಿಲ್ಲಿಸಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರಲಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಹಲ್ಲು ಕೀಳಿಸುವುದಕ್ಕೆಂದು ತಾವಾಗಿಯೇ ಮಾತ್ರೆ ಬಿಡುವುದು ಈ ಕಾಯಿಲೆಯನ್ನು ಕರೆದು ಮನೆಗೆ ತಂದಂತೆ. ದಂತವೈದ್ಯರೂ ಹೃದಯದ ವೈದ್ಯರೂ ಮಾತಾಡಿಕೊಂಡು ತೀರ್ಮಾನಿಸಲಿ.

ಅಭಿಧಮನಿಯಲ್ಲಿ ಹೆಪ್ಪು ಕಟ್ಟಿದವರಿಗೆ ತಾತ್ಕಾಲಿಕ ಕಾರಣವೊಂದು ಸಿಕ್ಕರೆ ಮಾತ್ರೆ ಕೆಲವು ತಿಂಗಳಿಗೆ ಸಾಕಾಗಬಹುದು, ಸಿಗದಿದ್ದರೆ ಅಥವಾ ಹುಟ್ಟಿನ ದೋಷ ಕಂಡರೆ ದೀರ್ಘಕಾಲ ಬೇಕು. ಆ ಹುಟ್ಟಿನ ದೋಷಗಳ ಪರೀಕ್ಷೆ ದುಬಾರಿ, ತಪ್ಪು ಹೊತ್ತಿನಲ್ಲಿ ಮಾಡಿಸಿದರೆ ತಪ್ಪು ಉತ್ತರ ಕೊಡುತ್ತದೆ. ಹೊಸದಾಗಿ ಹೆಪ್ಪು ಕಟ್ಟಿರುವಾಗ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ ಮತ್ತು ಪ್ರೋಟೀನ್ ಎಸ್ ಮಟ್ಟಗಳು ತಾವಾಗಿಯೇ ಇಳಿದಿರುತ್ತವೆ, ವಾರ್ಫರಿನ್ ಗುಂಪಿನ ಮಾತ್ರೆ ಅವನ್ನು ಇನ್ನಷ್ಟು ಇಳಿಸುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿರುವಾಗಲೇ ಎಲ್ಲವನ್ನೂ ಮಾಡಿಸಿಬಿಡೋಣ ಎಂದು ಅವಸರಪಡದೆ, ಯಾವಾಗ ಮಾಡಿಸಬೇಕು, ಅದಕ್ಕೆ ಮಾತ್ರೆಯನ್ನು ಬದಲಿಸಬೇಕೇ ಎಂದು ರಕ್ತರೋಗ ತಜ್ಞರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಅಣ್ಣತಮ್ಮ, ಅಕ್ಕತಂಗಿಯರಿಗೂ ಪರೀಕ್ಷೆ ಬೇಕೇ ಎಂಬುದನ್ನು ಅದೇ ಭೇಟಿಯಲ್ಲಿ ವಿಚಾರಿಸಿ.